ಮೊದಲ ಮೂರು ಸೆಕೆಂಡು: ನಿಂತ ಕಾರನ್ನು ಹೊರಡಿಸುವ ಬಗೆ

ನಿಂತಲ್ಲಿಂದ ಸ್ಪೋರ್ಟ್ಸ್ ಕಾರನ್ನು ಆದಷ್ಟು ಬೇಗ ಹೊರಡಿಸುವುದು ಹೇಗೆ ಎಂದು ಕೇಳಿದವರ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿ ಹೇಳಿರುವುದೆಲ್ಲ ಮುಚ್ಚಿದ ಟ್ರ್ಯಾಕಿಗೆ ಮಾತ್ರ. ಏಕೆಂಬುದು ಕೊನೆಯ ಉತ್ತರದಲ್ಲಿದೆ.

ಪ್ರಶ್ನೆ: ನನ್ನದು 400 ಹಾರ್ಸ್‌ಪವರ್‌ನ ರಿಯರ್ ವೀಲ್ ಡ್ರೈವ್ ಕಾರು. ಸ್ನೇಹಿತನದು 300ರದ್ದು, ಆದರೆ ಫೋರ್ ವೀಲ್ ಡ್ರೈವ್. ಟ್ರ್ಯಾಕಿನಲ್ಲಿ ಮೊದಲ 50 ಮೀಟರ್ ಅವನೇ ಮುಂದೆ. ನನ್ನ ಇಂಜಿನ್‌ನಲ್ಲಿ ಏನಾದರೂ ದೋಷ ಇರಬಹುದೇ? — ಜಯನಗರ, ಬೆಂಗಳೂರು

ಉತ್ತರ: ದೋಷವಿಲ್ಲ. ಇಂಜಿನ್ ಕೊಡುತ್ತಿದೆ, ಟಯರ್‌ಗೆ ಅದನ್ನು ರಸ್ತೆಗೆ ಒಪ್ಪಿಸಲು ಆಗುತ್ತಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಟಾರ್ಕ್ (ಇಂಜಿನ್‌ನ ತಿರುಗಿಸುವ ಬಲ) 350 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 3.6, ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನದು 3.5 ಎಂದಿಟ್ಟುಕೊಳ್ಳೋಣ. ಮೂರನ್ನೂ ಗುಣಿಸಿದರೆ ಆಕ್ಸಲ್‌ಗೆ 4,410 ನ್ಯೂಟನ್ ಮೀಟರ್ ಸಿಗುತ್ತದೆ. ಚಕ್ರದ ತ್ರಿಜ್ಯ 33 ಸೆಂ.ಮೀ. ಇದ್ದರೆ, ಗೇರ್‌ಬಾಕ್ಸ್ ನುಂಗುವ ಶೇ. 10ನ್ನು ಕಳೆದ ಮೇಲೂ ರಸ್ತೆಯನ್ನು ತಳ್ಳಲು ಸುಮಾರು 12,000 ನ್ಯೂಟನ್ ಬಲ ಉಳಿಯುತ್ತದೆ. ಆದರೆ 1,500 ಕೆ.ಜಿ.ಯ, ಮುಂದೆ ಹಿಂದೆ ಸಮತೂಕದ ಕಾರಿನ ಹಿಂದಿನ ಎರಡು ಟಯರ್‌ಗಳು ಒಣ ಡಾಂಬರಿನ ಮೇಲೆ ತಡೆದುಕೊಳ್ಳುವುದು ಸುಮಾರು 8,600 ನ್ಯೂಟನ್. ಉಳಿದದ್ದು ಹೊಗೆಯಾಗಿ ಹೋಗುತ್ತದೆ.

ಕಾರು ಮುಂದೆ ನುಗ್ಗುವಾಗ ತೂಕ ಹಿಂದಕ್ಕೆ ವಾಲುತ್ತದೆಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಿದ್ದೇವೆ. ಕಾರಿನ ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಎಷ್ಟು ಎಂಬುದರ ಮೇಲೆ ಎಷ್ಟು ತೂಕ ವಾಲುತ್ತದೆಂಬುದು ನಿಂತಿದೆ. 50 ಸೆಂ.ಮೀ. ಎತ್ತರ, ಎರಡೂವರೆ ಮೀಟರ್ ದೂರ ಹಿಡಿದು, ಟಯರ್‌ನ ಘರ್ಷಣಾಂಕ (ಹಿಡಿತದ ಅಳತೆ) 0.95 ಎಂದುಕೊಂಡರೆ ನಿಮ್ಮ ಕಾರಿಗೆ ಗುರುತ್ವದ 0.59 ಪಾಲಿನ ವೇಗೋತ್ಕರ್ಷ ಮಿತಿ. ಪೋರ್ಷೆ 911ರಂತೆ ಇಂಜಿನ್ ಹಿಂದೆಯೇ ಕೂತು ಶೇ. 61ರಷ್ಟು ತೂಕ ಹಿಂಚಕ್ರಗಳ ಮೇಲಿದ್ದರೆ ಅದೇ ಮಿತಿ 0.72ಕ್ಕೆ ಏರುತ್ತದೆ. ಮೂಗಿನಲ್ಲಿ ಶೇ. 62 ತೂಕವಿರುವ ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್‌ಗೆ 0.49. ನಾಲ್ಕೂ ಚಕ್ರ ಎಳೆಯುವ ಕಾರಿಗೆ 0.95, ಏಕೆಂದರೆ ತೂಕ ಎತ್ತ ವಾಲಿದರೂ ಅಲ್ಲೊಂದು ಎಳೆಯುವ ಚಕ್ರ ಇದ್ದೇ ಇದೆ. ಇಂಜಿನ್‌ಗೆ ಆ ಮಿತಿ ಮುಟ್ಟುವ ಕಸುವು ಇದ್ದರೆ, 60 ಕಿ.ಮೀ. ವೇಗ ತಲುಪಲು ನಿಮಗೆ ಕನಿಷ್ಠ 2.9 ಸೆಕೆಂಡು, ಸ್ನೇಹಿತರಿಗೆ 1.8. ನಿಮ್ಮ ಹೆಚ್ಚಿನ ನೂರು ಕುದುರೆ ಕೆಲಸಕ್ಕೆ ಬರುವುದು ಅಲ್ಲಿಂದ ಆಚೆಗೆ.

ಪ್ರಶ್ನೆ: ಮ್ಯಾನ್ಯುಯಲ್ ಗೇರಿನ ರಿಯರ್ ವೀಲ್ ಡ್ರೈವ್ ಕಾರನ್ನು ಹೊರಡಿಸುವ ಸರಿಯಾದ ಕ್ರಮ ಹಂತ ಹಂತವಾಗಿ ತಿಳಿಸಿ. ಕ್ಲಚ್ ಒಮ್ಮೆಲೇ ಬಿಡಬೇಕೋ, ಹಾಫ್ ಕ್ಲಚ್‌ನಲ್ಲಿ ಹಿಡಿಯಬೇಕೋ? — ಮೈಸೂರು

ಉತ್ತರ: ಹಿಡಿಯಬೇಕು, ಆದರೆ ಒಂದು ಸೆಕೆಂಡಿನ ಆಸುಪಾಸು ಮಾತ್ರ.

ಮೊದಲು ಕಾರು ಬಿಸಿಯಾಗಲಿ. ಮೀಟರ್ ಬೋರ್ಡಿನ ನೀರಿನ ಮುಳ್ಳು ಐದು ನಿಮಿಷದಲ್ಲಿ ಮಧ್ಯಕ್ಕೆ ಬಂದರೂ ಇಂಜಿನ್ ಆಯಿಲ್ 80 ಡಿಗ್ರಿ ಮುಟ್ಟಲು ಹತ್ತು ಹದಿನೈದು ನಿಮಿಷ ಓಡಿಸಬೇಕಾಗುತ್ತದೆ. ಗೇರ್ ಆಯಿಲ್ ಇನ್ನೂ ನಿಧಾನ. ಸೀಟನ್ನು ಮುಂದೆ ಎಳೆದುಕೊಳ್ಳಿ: ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು, ಹಿಮ್ಮಡಿ ನೆಲದ ಮೇಲೆ ಊರಿರಬೇಕು. ತೊಡೆಯಿಂದ ಕ್ಲಚ್ ಬಿಡುವವರಿಗೆ ಅರ್ಧ ಸೆಂಟಿಮೀಟರ್‌ನ ಹದ ಸಿಗುವುದಿಲ್ಲ, ಪಾದದ ಗಂಟಿನಿಂದ ಬಿಡುವವರಿಗೆ ಸಿಗುತ್ತದೆ. ಸ್ಟೀರಿಂಗ್ ನೇರವಾಗಿರಲಿ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಅನ್ನು ಮೊದಲ ಎರಡು ಓಟಕ್ಕೆ ಹಾಗೇ ಬಿಡಿ, ಆಮೇಲೆ ಸ್ಪೋರ್ಟ್ ಮೋಡ್‌ಗೆ ಹಾಕಿ. ಮಾಮೂಲಿ ಮೋಡ್ ಚಕ್ರ ಜಾರಿದ ಕೂಡಲೇ ಪವರ್ ಕತ್ತರಿಸಿಬಿಡುತ್ತದೆ, ಅದು ಮತ್ತೆ ತುಂಬಿ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ.

ಮೊದಲ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದು 2,500 ಆರ್‌ಪಿಎಂಗೆ ರೇಸ್ ಕೊಡಿ. ವ್ರೂಂ ವ್ರೂಂ ಎಂದು ಏರಿಸಿ ಇಳಿಸಬೇಡಿ, ಮುಳ್ಳು ಒಂದೇ ಕಡೆ ನಿಲ್ಲಬೇಕು. ಈಗ ಕ್ಲಚ್ಚನ್ನು ಅದು ಹಿಡಿಯಲು ಶುರುಮಾಡುವ ಜಾಗದವರೆಗೆ ಸರಕ್ಕನೆ ತನ್ನಿ, ಅಲ್ಲಿ ಪಾದ ನಿಲ್ಲಿಸಿ. ಹಿಡಿತ ಬಿಗಿಯಾಗುತ್ತಿದ್ದಂತೆ ಬಲಗಾಲು ಆಕ್ಸಿಲರೇಟರನ್ನು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಒತ್ತಲಿ. ಮೇಲಿನ ಲೆಕ್ಕದ ಗೇರಿಂಗ್‌ನಲ್ಲಿ 2,500 ಆರ್‌ಪಿಎಂ ಎಂದರೆ ಸುಮಾರು 25 ಕಿ.ಮೀ. ವೇಗ. ಕಾರು ಆ ವೇಗ ಮುಟ್ಟಿದಾಗ ಇಂಜಿನ್ನೂ ಗೇರ್‌ಬಾಕ್ಸೂ ಸಮ ಸಮ ತಿರುಗುತ್ತವೆ. 1.2 ಸೆಕೆಂಡಿನ ಮಾತು ಅದು. ಆಗ ಕ್ಲಚ್ಚಿನಿಂದ ಪಾದ ಪೂರ್ತಿ ತೆಗೆಯಿರಿ.

ಮೊದಲ ಗೇರಿನಲ್ಲಿ ಪೂರ್ತಿ ಒತ್ತುವ ಆಸೆ ಬೇಡ. 12,000 ನ್ಯೂಟನ್ ಇರುವ ಕಡೆ 8,600 ಸಾಕು, ಅಂದರೆ ಶೇ. 70ರಷ್ಟು. ಎರಡನೇ ಗೇರಿನ ಅನುಪಾತ 2.1 ಇದ್ದರೆ ಅಲ್ಲಿ ತಳ್ಳುವ ಬಲ 7,000ಕ್ಕೆ ಇಳಿಯುತ್ತದೆ. ಅದು ಟಯರ್‌ನ ಮಿತಿಯೊಳಗೆ ಇರುವುದರಿಂದ ಅಲ್ಲಿ ನೆಲಕ್ಕೆ ತಾಗುವಂತೆ ಒತ್ತಿ. ಒಂದರಿಂದ ಎರಡಕ್ಕೆ ಹೋಗುವಾಗ ಕೆಂಪು ಗೆರೆಗೆ 300–400 ಆರ್‌ಪಿಎಂ ಮುಂಚೆಯೇ ಕೈ ಹೊರಡಬೇಕು. ಮೊದಲ ಗೇರಿನಲ್ಲಿ ಮುಳ್ಳು ಏರುವ ರಭಸಕ್ಕೆ ಕಣ್ಣು ನೋಡಿ ಕೈ ಆಡುವಷ್ಟರಲ್ಲಿ ಇಂಜಿನ್ ಇನ್ನೂ ಏರದಂತೆ ತಡೆಯುವ ಲಿಮಿಟರ್ ಬಡಿದಿರುತ್ತದೆ.

ತಪ್ಪುವುದು ಎರಡೇ ರೀತಿ. ಇಂಜಿನ್ 1,500ರ ಕೆಳಗೆ ಕುಸಿದು ಕಾರು ಮುಗ್ಗರಿಸಿತೋ, ಮುಂದಿನ ಸಲ 300 ಆರ್‌ಪಿಎಂ ಹೆಚ್ಚಿಸಿ. ಮುಳ್ಳು ಜಿಗಿದು ಕಾರು ಅಲ್ಲೇ ಉಳಿಯಿತೋ, ಆಕ್ಸಿಲರೇಟರನ್ನು ಕಾಲು ಭಾಗ ಸಡಿಲಿಸಿ. ಪೂರ್ತಿ ಬಿಟ್ಟರೆ ತೂಕ ಮುಂದಕ್ಕೆ ಬಂದು ಹಿಂದಿನ ಟಯರ್ ಇದ್ದ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಟಯರ್ ಸ್ವಲ್ಪವೂ ಜಾರಬಾರದು ಎಂದೇನಿಲ್ಲ. ಕಾರಿನ ವೇಗಕ್ಕಿಂತ ಚಕ್ರದ ವೇಗ ಶೇ. 10ರಿಂದ 15 ಹೆಚ್ಚಿದ್ದಾಗಲೇ ಸಾಮಾನ್ಯ ಟಯರ್ ಅತಿ ಹೆಚ್ಚು ಹಿಡಿಯುತ್ತದೆ. ಕಿವಿಗೆ ಅದು ಸಣ್ಣ ಕಿರುಗುಟ್ಟುವಿಕೆ. ಚೀರಾಟ ಕೇಳಿಸಿತೆಂದರೆ ಹದ ದಾಟಿದ್ದೀರಿ.

ಸೆಕೆಂಡಿಗೆ ಹತ್ತು ಬಾರಿಯಾದರೂ ದಾಖಲಿಸುವ ಜಿಪಿಎಸ್ ಲಾಗರ್ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಆರ್‌ಪಿಎಂ ಬದಲಿಸಿದ ಓಟದಲ್ಲಿ ಟಯರ್ ಗಾಳಿ ಮುಟ್ಟಬೇಡಿ.

ಇನ್ನು ಕ್ಲಚ್ ಒಮ್ಮೆಲೇ ಬಿಡುವ ಬಗ್ಗೆ. ಹಾಗೆ ಬಿಟ್ಟಾಗ ಇಂಜಿನ್‌ನೊಂದಿಗೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಒಂದೇ ಏಟಿಗೆ ಗೇರ್‌ಬಾಕ್ಸಿನೊಳಗೆ ನುಗ್ಗುತ್ತದೆ. ಆ ಏಟು ಇಂಜಿನ್‌ನ ಟಾರ್ಕಿಗಿಂತ ಬಹಳ ದೊಡ್ಡದು. ಟಯರ್ ಜಾರಿದರೆ ಪುಣ್ಯ, ಜಾರದಿದ್ದರೆ ಗೇರಿನ ಹಲ್ಲೋ ಡ್ರೈವ್ ಶಾಫ್ಟೋ ಹೋಗುತ್ತದೆ.

ಪ್ರಶ್ನೆ: ಐದಾರು ಸಲ ಹೀಗೆ ಹೊರಡಿಸಿದ ಮೇಲೆ ಸುಟ್ಟ ವಾಸನೆ ಬಂತು. ಕ್ಲಚ್ ಪ್ಲೇಟ್ ಹೋಯಿತೇ? ನಾನು 5,000 ಆರ್‌ಪಿಎಂನಲ್ಲಿ ಬಿಡುತ್ತಿದ್ದೆ. — ಹುಬ್ಬಳ್ಳಿ

ಉತ್ತರ: ಆ ಐದು ಸಾವಿರದಲ್ಲೇ ಉತ್ತರವಿದೆ. ಇಂಜಿನ್ ಒಂದೇ ವೇಗದಲ್ಲಿ ತಿರುಗುತ್ತ ಕ್ಲಚ್ ಜಾರುತ್ತಿರುವಷ್ಟು ಹೊತ್ತೂ, ಕಾರಿಗೆ ಎಷ್ಟು ಚಲನಶಕ್ತಿ ಸೇರುತ್ತದೋ ಅಷ್ಟೇ ಶಾಖ ಕ್ಲಚ್ಚಿನಲ್ಲಿ ಹುಟ್ಟುತ್ತದೆ. 2,500ರಲ್ಲಿ ಬಿಟ್ಟು 25 ಕಿ.ಮೀ.ಗೆ ಕ್ಲಚ್ ಕೂಡಿಕೊಂಡರೆ 1,500 ಕೆ.ಜಿ. ಕಾರಿನಲ್ಲಿ ಅದು ಸುಮಾರು 36 ಕಿಲೋಜೂಲ್. 5,000ದಲ್ಲಿ ಬಿಟ್ಟರೆ ಕೂಡಿಕೊಳ್ಳುವುದು 50 ಕಿ.ಮೀ.ಗೆ, ಶಾಖ 140ಕ್ಕೂ ಹೆಚ್ಚು. ಆರ್‌ಪಿಎಂ ಎರಡು ಪಟ್ಟು, ಸುಡುವಿಕೆ ನಾಲ್ಕು ಪಟ್ಟು. ಆ ಶಾಖ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ಮೇಲ್ಮೈಯ ತೆಳು ಪದರಕ್ಕೆ ಎರಡೂವರೆ ಸೆಕೆಂಡಿನೊಳಗೆ ಇಳಿಯುತ್ತದೆ, ಒಳಗೆ ಹರಡಲು ಅದಕ್ಕೆ ಸಮಯವೇ ಇಲ್ಲ. ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್‌ನೊಳಗೆ ಗಾಳಿಯೂ ಆಡುವುದಿಲ್ಲ.

ಒಮ್ಮೆ ವಾಸನೆ ಬಂದ ಮಾತ್ರಕ್ಕೆ ಪ್ಲೇಟ್ ಹೋಗಿದೆ ಎನ್ನಲಾಗದು. ಪರೀಕ್ಷೆ ಸುಲಭ: ಟ್ರ್ಯಾಕಿನಲ್ಲೇ ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಮುಳ್ಳೂ ವೇಗವೂ ಜೊತೆಜೊತೆಗೆ ಏರಿದರೆ ಕ್ಲಚ್ ಉಳಿದಿದೆ. ಮುಳ್ಳು ಮಾತ್ರ ಓಡಿ ಕಾರು ಹಿಂದುಳಿದರೆ ಪ್ಲೇಟ್ ಮೇಲ್ಮೈ ಗಾಜಿನಂತೆ ನುಣುಪಾಗಿದೆ ಅಥವಾ ಸವೆದಿದೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ, ಬಿಚ್ಚಿ ಕೂಡಿಸುವ ಕೂಲಿ ಒಂದೇ. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಇದೆಯೇ ಎಂದು ನೀವೇ ನಿಂತು ನೋಡಿ.

ಎರಡು ಓಟಗಳ ನಡುವೆ ನಾಲ್ಕೈದು ಕಿಲೋಮೀಟರ್ ಕ್ಲಚ್ ಮುಟ್ಟದೆ ಮೆಲ್ಲಗೆ ಓಡಿಸಿ, ನಿಲ್ಲಿಸಿ ತಣಿಸುವುದಕ್ಕಿಂತ ಅದು ಒಳ್ಳೆಯದು. ಪೆಡಲ್ ಸಡಿಲವಾಗಿ ನೆಲಕ್ಕೆ ಹೋಗಿ ಕೂತರೆ ಪ್ಲೇಟನ್ನು ಬಯ್ಯುವ ಮೊದಲು ಫ್ಲೂಯಿಡ್ ನೋಡಿ. ಬಹಳ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ. ಹಳೆಯ, ನೀರು ಹೀರಿದ ಫ್ಲೂಯಿಡ್ ಆ ಬಿಸಿಗೆ ಕುದಿಯುತ್ತದೆ.

ಪ್ರಶ್ನೆ: ನನ್ನದು ಟರ್ಬೊ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್, ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಲಾಂಚ್ ಮಾಡಬಹುದೇ? ಹೊರಟ ಕೂಡಲೇ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. — ಮಂಗಳೂರು

ಉತ್ತರ: ಕೈಪಿಡಿಯಲ್ಲಿ ಲಾಂಚ್ ಕಂಟ್ರೋಲ್ (ಆರ್‌ಪಿಎಂ ಹಿಡಿದು ಕಾರೇ ಹೊರಡುವ ಸೌಲಭ್ಯ) ಎಂದು ಬರೆದಿದ್ದರೆ ಮಾತ್ರ. ಬರೆದಿಲ್ಲದಿದ್ದರೆ ಬ್ರೇಕ್ ಹಿಡಿದು ರೇಸ್ ಕೊಡುವುದೆಂದರೆ ಎಣ್ಣೆಯ ತಂಪಿಲ್ಲದ ತೆಳು ಕ್ಲಚ್‌ಗಳನ್ನು ನಿಂತಲ್ಲೇ ಉಜ್ಜುವುದು. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ಡಿಎಸ್‌ಜಿಗೆ ಈ ಕೆಲಸ ಒಗ್ಗುತ್ತದೆ.

ಸೌಲಭ್ಯ ಇರುವ ಕಾರಿನಲ್ಲಿ ಕ್ರಮ ಹೀಗೆ: ಇಎಸ್‌ಸಿ (ಕಾರು ಜಾರಿ ಹೋಗದಂತೆ ತಡೆಯುವ ವ್ಯವಸ್ಥೆ) ಸ್ಪೋರ್ಟ್‌ಗೆ ಹಾಕಿ, ಗೇರ್ ಲಿವರ್ ಎಸ್‌ಗೆ ತನ್ನಿ, ಎಡಗಾಲಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒಂದು ಸೆಕೆಂಡು ಹಿಡಿಯಿರಿ, ಬಲಗಾಲಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ತಾನೇ ಒಂದು ಆರ್‌ಪಿಎಂಗೆ ಬಂದು ನಿಲ್ಲುತ್ತದೆ. ಎರಡು ಸೆಕೆಂಡಿನೊಳಗೆ ಬ್ರೇಕ್ ಬಿಡಿ, ಪಟ್ಟೆಂದು. ಅರ್ಧಂಬರ್ಧ ಬಿಟ್ಟರೆ ಕ್ಲಚ್ ಬ್ರೇಕಿನ ವಿರುದ್ಧ ಎಳೆಯುತ್ತಲೇ ಇರುತ್ತದೆ.

ಸ್ಟೀರಿಂಗ್ ಎಳೆಯುವುದಕ್ಕೆ ಕಾರಣ ಎಡ ಬಲ ಚಕ್ರಗಳ ಹಿಡಿತ ಸಮವಿಲ್ಲದಿರುವುದು. ಎರಡೂ ಕೈ ಹಿಡಿದಿರಿ, ಲಾಂಚ್ ಕಂಟ್ರೋಲ್ ಇಲ್ಲದೆ ಹೊರಡುವಾಗ ಮೊದಲ ಗೇರಿನಲ್ಲಿ ಅರ್ಧದಿಂದ ಮುಕ್ಕಾಲು ಮಾತ್ರ ಒತ್ತಿ, ಮುಂದಿನ ಎರಡು ಟಯರ್‌ಗಳ ಗಾಳಿ ಒಂದೇ ಇದೆಯೇ ನೋಡಿಕೊಳ್ಳಿ. ಹೊರಟಂತೆಲ್ಲ ಎಳೆಯುವ ಚಕ್ರಗಳ ಮೇಲಿನ ತೂಕ ಕಡಿಮೆಯಾಗುವ ಕಾರು ಇದು. ಇಲ್ಲಿ ಆತುರಕ್ಕೆ ಫಲವಿಲ್ಲ.

ಪ್ರಶ್ನೆ: ಆಟೊಮ್ಯಾಟಿಕ್ ಸ್ಪೋರ್ಟ್ಸ್ ಕಾರಿನಲ್ಲಿ ಲಾಂಚ್ ಕಂಟ್ರೋಲ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. — ದುಬೈ

ಉತ್ತರ: ಕಂಪ್ಯೂಟರ್‌ಗೆ ಒಂದಿಷ್ಟು ಷರತ್ತುಗಳಿವೆ: ಹೊಸ ಕಾರಿನ ರನ್ನಿಂಗ್ ಇನ್ ಮುಗಿದಿರಬೇಕು, ಇಂಜಿನ್ ಮತ್ತು ಗೇರ್ ಆಯಿಲ್ ತೀರ ತಣ್ಣಗೂ ತೀರ ಬಿಸಿಯೂ ಇರಬಾರದು, ಸ್ಟೀರಿಂಗ್ ನೇರವಿರಬೇಕು, ಬಾಗಿಲು ಮುಚ್ಚಿರಬೇಕು, ಬ್ರೇಕಿನ ಒತ್ತಡ ಸಾಲಬೇಕು. ನಿಮ್ಮ ಊರಿನ ಬೇಸಿಗೆಯಲ್ಲಿ ಹೆಚ್ಚಾಗಿ ಅಡ್ಡ ಬರುವುದು ಗೇರ್ ಆಯಿಲ್ ಬಿಸಿ. ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸಿನಲ್ಲಿ ಬ್ರೇಕ್ ಹಿಡಿದು ರೇಸ್ ಕೊಟ್ಟಷ್ಟೂ ಹೊತ್ತು ಇಂಜಿನ್‌ನ ಕೆಲಸವೆಲ್ಲ ಆ ಎಣ್ಣೆಯನ್ನೇ ಕಾಯಿಸುತ್ತದೆ. ಒಂದು ಓಟವಾದ ಮೇಲೆ ಐದು ನಿಮಿಷ ಸುಮ್ಮನೆ ಓಡಿಸಿ, ಮತ್ತೆ ಬರುತ್ತದೆ.

ಪ್ರಶ್ನೆ: ಟಯರ್ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ. ಎಷ್ಟು ಇಳಿಸಬಹುದು? ಓಟಕ್ಕೆ ಮುಂಚೆ ಚಕ್ರ ತಿರುಗಿಸಿ ಹೊಗೆ ಎಬ್ಬಿಸಬೇಕೇ? — ತುಮಕೂರು

ಉತ್ತರ: ಎಳೆಯುವ ಚಕ್ರಗಳಲ್ಲಿ ಮಾತ್ರ ಇಳಿಸಿ. 35 ಪಿಎಸ್‌ಐ ಇದ್ದರೆ 33, ಆಮೇಲೆ 31, ಹೀಗೆ ಎರಡೆರಡಾಗಿ, ಪ್ರತಿಸಲ ಸಮಯ ನೋಡುತ್ತ. ರಸ್ತೆ ಟಯರ್‌ನಲ್ಲಿ 28ರ ಕೆಳಗೆ ಇಳಿಯಬೇಡಿ. ಓಟದ ಕೊನೆಗೆ ಕಾರು 160 ದಾಟಿರುತ್ತದೆ, ಗಾಳಿ ಕಡಿಮೆಯಾದ ಟಯರ್‌ನ ಪಕ್ಕಗೋಡೆ ಮಡಿಚಿ ಮಡಿಚಿ ಕಾಯುತ್ತದೆ. ಟಯರ್ ಹತ್ತು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಏರುವುದರಿಂದ ಬೆಳಗಿನ ಅಳತೆ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ಮನೆಗೆ ಹೊರಡುವ ಮುಂಚೆ ಮರೆಯದೆ ತುಂಬಿಸಿ.

ಹೊಗೆಯ ಆಟ ನೇರ ಓಟದ ಪಂದ್ಯಕ್ಕೆಂದೇ ಮಾಡಿದ ಡ್ರ್ಯಾಗ್ ಟಯರ್‌ಗೆ ಸರಿ. ರಸ್ತೆ ಟಯರ್ ಅತಿಯಾಗಿ ಕಾದರೆ ಮೇಲ್ಪದರ ಜಿಡ್ಡಾಗಿ ಇನ್ನಷ್ಟು ಜಾರುತ್ತದೆ. ಅಂಟಿದ ಹರಳು, ಮಣ್ಣು ಹೋಗುವಂತೆ ಎರಡು ಸೆಕೆಂಡು ತಿರುಗಿಸಿದರೆ ಸಾಕು. ಟ್ರ್ಯಾಕಿನವರು ನೀರು ಹಾಕಿದ ಜಾಗವನ್ನು ಸುತ್ತಿ ಬನ್ನಿ, ಗೆರೆಗಳಿರುವ ಟಯರ್ ಆ ನೀರನ್ನು ಹೊತ್ತು ತಂದು ಹೊರಡುವ ಜಾಗದಲ್ಲೇ ಸುರಿಯುತ್ತದೆ. ಟಯರ್‌ನ ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ನೋಡಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಆಳ ಉಳಿದಿರಲಿ, ಗಟ್ಟಿಯಾದ ಹಳೆಯ ರಬ್ಬರ್‌ಗೆ ಹಿಡಿತ ಮರಳಿ ಬರುವುದಿಲ್ಲ.

ಪ್ರಶ್ನೆ: ಹೊರಡುವಾಗ ಹಿಂದಿನಿಂದ ದಡದಡ ಎಂದು ಕಾರೆಲ್ಲ ನಡುಗುತ್ತದೆ. — ಬೆಳಗಾವಿ

ಉತ್ತರ: ಆ ಕ್ಷಣವೇ ಆಕ್ಸಿಲರೇಟರ್ ಪೂರ್ತಿ ಬಿಡಿ. ಮೇಲೆ ಮೈಸೂರಿನ ಓದುಗರಿಗೆ ಪೂರ್ತಿ ಬಿಡಬೇಡಿ ಎಂದಿದ್ದೆವು, ಅದಕ್ಕೆ ಇದೊಂದೇ ಅಪವಾದ. ಇದನ್ನು ವೀಲ್ ಹಾಪ್ ಎನ್ನುತ್ತಾರೆ. ಟಯರ್ ಹಿಡಿದಾಗ ಸಸ್ಪೆನ್ಷನ್‌ನ ಬುಷ್, ಆರ್ಮ್‌ಗಳು ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತವೆ, ಜಾರಿದಾಗ ಬಿಡಿಸಿಕೊಳ್ಳುತ್ತವೆ, ಮತ್ತೆ ಹಿಡಿಯುತ್ತದೆ. ಒಂದೊಂದು ಹಿಡಿತವೂ ಡ್ರೈವ್ ಶಾಫ್ಟಿಗೆ, ಸಿವಿ ಜಾಯಿಂಟಿಗೆ ಸುತ್ತಿಗೆ ಏಟು. ಸವೆದ ಬುಷ್, ಸತ್ತ ಶಾಕ್ ಅಬ್ಸಾರ್ಬರ್, ಹರಿದ ಇಂಜಿನ್ ಮೌಂಟ್ ಅಥವಾ ಡಿಫರೆನ್ಷಿಯಲ್ ಮೌಂಟ್, ಈ ಕ್ರಮದಲ್ಲಿ ಪರೀಕ್ಷಿಸಿ. ಎಲ್ಲ ಸರಿಯಿದ್ದೂ ಬಂದರೆ ಹೊರಡುವ ಆರ್‌ಪಿಎಂ 500 ಇಳಿಸಿ. ಮುಂದುವರಿಸುವುದು ಮಾತ್ರ ಬೇಡ.

ಪ್ರಶ್ನೆ: ಇಲ್ಲಿನ ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗಬೇಕೆಂದಿದ್ದೇನೆ. ದೀಪಗಳ ಅರ್ಥವೇನು? ಪತ್ರಿಕೆಗಳು ಹೇಳುವ ಸಮಯ ನನ್ನ ಲಾಗರ್‌ನಲ್ಲಿ ಬರುವುದೇ ಇಲ್ಲ, ಏಕೆ? — ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಹೊರಡುವ ಗೆರೆಯಲ್ಲಿ ಅಡ್ಡಲಾಗಿ ಹಾಯಿಸಿರುವ ಬೆಳಕಿನ ಮೊದಲ ಕಿರಣವನ್ನು ಮುಂಚಕ್ರ ಮುಟ್ಟಿದಾಗ ಪ್ರೀ ಸ್ಟೇಜ್ ದೀಪ, ಇನ್ನು ಕೆಲವು ಇಂಚು ಸರಿದಾಗ ಸ್ಟೇಜ್ ದೀಪ ಹತ್ತುತ್ತದೆ. ಸ್ಟೇಜ್ ಹತ್ತಿದ ಕೂಡಲೇ ನಿಲ್ಲಿ. ಆಮೇಲೆ ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ, ಕೊನೆಗೆ ಹಸಿರು. ಪಳಗಿದವರು ಮೂರನೇ ಹಳದಿಗೇ ಹೊರಡುತ್ತಾರೆ, ಏಕೆಂದರೆ ಕಣ್ಣು, ಕಾಲು, ಕ್ಲಚ್ ಮೂರೂ ಸೇರಿ ಆ ಅರ್ಧ ಸೆಕೆಂಡನ್ನು ತಿನ್ನುತ್ತವೆ. ನೀವು ತಡವಾಗಿ ಹೊರಟರೂ ಓಟದ ಸಮಯಕ್ಕೆ ಅದು ಸೇರದು. ಚಕ್ರ ಕಿರಣ ಬಿಟ್ಟಾಗಲೇ ಗಡಿಯಾರ ಶುರು.

ನಿಮ್ಮ ಎರಡನೇ ಪ್ರಶ್ನೆಗೂ ಅಲ್ಲೇ ಉತ್ತರ. ಚಕ್ರ ಆ ಕಿರಣ ದಾಟುವಷ್ಟರಲ್ಲಿ ಕಾರು ಸುಮಾರು ಒಂದು ಅಡಿ ಉರುಳಿರುತ್ತದೆ. ಅಮೆರಿಕದ ಕಾರು ಪತ್ರಿಕೆಗಳು ಈ ಒಂದು ಅಡಿಯನ್ನು ಬಿಟ್ಟು ಲೆಕ್ಕ ಹಾಕುತ್ತವೆ. 0.6 ಗುರುತ್ವದಲ್ಲಿ ಹೊರಟ ಕಾರಿಗೆ ಆ ಅಡಿಗೆ 0.3 ಸೆಕೆಂಡು ಬೇಕು, ಅಷ್ಟರಲ್ಲಿ ವೇಗ ಗಂಟೆಗೆ 7 ಕಿ.ಮೀ. ಆಗಿರುತ್ತದೆ. ಲಾಗರ್‌ನ ಸೆಟ್ಟಿಂಗ್‌ನಲ್ಲಿ ಒಂದು ಅಡಿಯ ರೋಲ್‌ಔಟ್ ಆನ್ ಮಾಡಿದರೆ ಹೋಲಿಕೆ ಸರಿಹೋಗುತ್ತದೆ. ಓಟದ ನಂತರ ಟ್ರ್ಯಾಕಿನವರು ಕೊಡುವ ಚೀಟಿಯಲ್ಲಿ ಮೊದಲು ನೋಡಬೇಕಾದ್ದು 60 ಅಡಿಯ ಸಮಯ. ಒಳ್ಳೆಯ ರಸ್ತೆ ಟಯರ್‌ನ ರಿಯರ್ ವೀಲ್ ಡ್ರೈವ್ ಕಾರು 2.2 ಸೆಕೆಂಡಿನ ಹತ್ತಿರ ಬಂದರೆ ಹೊರಟ ರೀತಿ ಚೆನ್ನಾಗಿದೆ. ಅಲ್ಲಿ 0.1 ಸೆಕೆಂಡು ಉಳಿಸಿದರೆ ಕಾಲು ಮೈಲಿಯ ಕೊನೆಗೆ ಅದು 0.15ರಿಂದ 0.2 ಆಗಿ ಕಾಣುತ್ತದೆ.

ಪ್ರಶ್ನೆ: ಟರ್ಬೊ ಇಲ್ಲದ ನನ್ನ ಕಾರು ಚೆನ್ನೈನಲ್ಲಿ ಚುರುಕು, ಬೆಂಗಳೂರಿನಲ್ಲಿ ಪಿಕಪ್ ಮಂಕು. ಭ್ರಮೆಯೇ? — ಮಲ್ಲೇಶ್ವರ, ಬೆಂಗಳೂರು

ಉತ್ತರ: ಭ್ರಮೆಯಲ್ಲ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಶೇ. 10ರಷ್ಟು ಕಡಿಮೆ. ಇಲ್ಲಿನ ತಂಪು ಅದರಲ್ಲಿ ಒಂದೆರಡು ಪಾಲು ಮರಳಿಸುತ್ತದೆ, ಅಷ್ಟೆ. ಹೊರಡುವಾಗ ಮುಗ್ಗರಿಸಿದರೆ 200–300 ಆರ್‌ಪಿಎಂ ಹೆಚ್ಚು ಇಡಿ. ಟಯರ್‌ಗೆ ಎತ್ತರದ ಗೊಡವೆ ಇಲ್ಲ, ಹಾಗಾಗಿ ಪವರ್ ಹೆಚ್ಚಿರುವ ಕಾರಿನಲ್ಲಿ ನಷ್ಟ ಕಾಣುವುದು ಎರಡನೇ ಗೇರಿನ ನಂತರ.

ಪ್ರಶ್ನೆ: ಎರಡು ಟನ್ನಿಗಿಂತ ಹೆಚ್ಚು ತೂಗುವ ಎಲೆಕ್ಟ್ರಿಕ್ ಕಾರುಗಳು ಹೇಗೆ ಇಷ್ಟು ಬೇಗ ಹೊರಡುತ್ತವೆ? — ದಾವಣಗೆರೆ

ಉತ್ತರ: ತೂಕ ಹೆಚ್ಚಿದಂತೆ ಟಯರ್ ಮೇಲಿನ ಒತ್ತು, ಅದರೊಂದಿಗೆ ಹಿಡಿತವೂ ಹೆಚ್ಚುತ್ತದೆ. ಮಿತಿ ಹೆಚ್ಚು ಕಡಿಮೆ ಅಲ್ಲೇ ಉಳಿಯುತ್ತದೆ. ಅವುಗಳ ಗೆಲುವು ಬೇರೆಡೆ ಇದೆ: ಮೋಟರ್ ಸೊನ್ನೆ ವೇಗದಲ್ಲೇ ಪೂರ್ತಿ ಟಾರ್ಕ್ ಕೊಡುತ್ತದೆ, ಚಕ್ರ ಜಾರಿದರೆ ಕೆಲವೇ ಮಿಲಿಸೆಕೆಂಡಿನಲ್ಲಿ ಅದನ್ನು ತಗ್ಗಿಸಬಹುದು. ಯಾವ ಪಾದಕ್ಕೂ ಆ ಚುರುಕು ಬಾರದು. ಬ್ಯಾಟರಿ ತಣ್ಣಗಿದ್ದರೆ ಅಥವಾ ಚಾರ್ಜ್ ತೀರ ಇಳಿದಿದ್ದರೆ ಕಾರು ತಾನೇ ಪವರ್ ಕಡಿತ ಮಾಡುತ್ತದೆ.

ಪ್ರಶ್ನೆ: ರಾತ್ರಿ ಖಾಲಿ ಇರುವ ವರ್ತುಲ ರಸ್ತೆಯಲ್ಲಿ ಅಭ್ಯಾಸ ಮಾಡಬಹುದೇ? ಬೇರೆ ಎಲ್ಲಿ ಹೋಗುವುದು? — ಕೆಂಗೇರಿ, ಬೆಂಗಳೂರು

ಉತ್ತರ: ಬೇಡ. ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವೇಗದ ಪಂದ್ಯ, ವೇಗದ ಪರೀಕ್ಷೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ. ಕಾನೂನು ಹಾಗಿರಲಿ, ದೀಪವಿಲ್ಲದೆ ರಸ್ತೆ ದಾಟುವ ಮನುಷ್ಯ ನಿಮ್ಮ ಮೂರು ಸೆಕೆಂಡಿನ ಲೆಕ್ಕದಲ್ಲಿ ಇರುವುದಿಲ್ಲ.

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಮತ್ತು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಬೆಂಗಳೂರಿಗೆ ಹತ್ತಿರ. ನೇರ ಓಟಕ್ಕೆ ಮಹಾರಾಷ್ಟ್ರದ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ ನಡೆಯುವ ವ್ಯಾಲಿ ರನ್ ಇದೆ. ಸ್ಪರ್ಧೆಗೆ ಇಳಿಯುವವರು ಎಫ್‌ಎಂಎಸ್‌ಸಿಐ (ಭಾರತದ ಮೋಟಾರು ಕ್ರೀಡಾ ಸಂಸ್ಥೆ) ಲೈಸೆನ್ಸ್ ವಿಚಾರಿಸಿಕೊಳ್ಳಿ. ಸಾಮಾನ್ಯ ಮೋಟಾರು ವಿಮೆ ಪಂದ್ಯಕ್ಕೂ ವೇಗದ ಪರೀಕ್ಷೆಗೂ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.

ಖಾಸಗಿ ಏರ್‌ಸ್ಟ್ರಿಪ್ ಬಾಡಿಗೆಗೆ ಪಡೆಯುವ ಗುಂಪಿನವರಾದರೆ ಮೊದಲು ಉದ್ದ ಅಳೆಯಿರಿ. 402 ಮೀಟರ್ (ಕಾಲು ಮೈಲಿ) ಕೊನೆಗೆ 180 ಕಿ.ಮೀ. ವೇಗದಲ್ಲಿರುವ ಕಾರು ಗಟ್ಟಿ ಬ್ರೇಕಿಗೆ ಸುಮಾರು 160 ಮೀಟರ್ ತೆಗೆದುಕೊಳ್ಳುತ್ತದೆ. ಕಾಲು ಆಡುವ ಒಂದು ಸೆಕೆಂಡಿಗೆ 50 ಮೀಟರ್ ಬೇರೆ. ಬ್ರೇಕ್ ಕಾದು ಸಡಿಲಾದ ದಿನಕ್ಕೂ ಜಾಗ ಬೇಕಾದ್ದರಿಂದ ಓಡಿದಷ್ಟೇ ಉದ್ದ, ಅಂದರೆ ಇನ್ನೊಂದು 400 ಮೀಟರ್, ಗೆರೆಯ ಆಚೆ ಖಾಲಿ ಇರಲಿ. ಒಟ್ಟು 800 ಮೀಟರ್ ಇಲ್ಲದ ಪಟ್ಟಿಯಲ್ಲಿ 200 ಮೀಟರ್ ಓಟ ಇಟ್ಟುಕೊಳ್ಳಿ. ಹೊರಡುವುದನ್ನು ಕಲಿಯಲು ಮೊದಲ 60 ಅಡಿಯೇ ಸಾಕು.